ಚುಕ್ಕಿಗೆ ಫಸ್ಟ್ ಕ್ಲಾಸ್ ಬೋಗಿ

ಚುಕ್ಕಿ ನಮ್ಮ ಬೀದಿಯದೇ ನಾಯಿ. ಈಗ ಐದು ವರ್ಷ, 17 ಕೆಜಿ. ಎರಡು ವರ್ಷದ ಹಿಂದೆ ನನಗೆ ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಎದೆ ಡವಡವ ಅನ್ನೋದು, ಕೈಕಾಲು ತಣ್ಣಗಾಗೋದು ಶುರುವಾಯ್ತು. ಮಾತ್ರೆ, ಕೌನ್ಸೆಲಿಂಗ್ ಎರಡೂ ನಡೆದವು. ಆದರೆ ರಾತ್ರಿ ಎರಡು ಗಂಟೆಗೆ ಮೊಣಕಾಲ ಮೇಲೆ ಗದ್ದ ಇಟ್ಟು ಕೂರುತ್ತಿದ್ದವಳು ಚುಕ್ಕಿ. ಅವಳ ಉಸಿರು ಎಣಿಸುತ್ತಾ ಎಣಿಸುತ್ತಾ ನನ್ನ ಉಸಿರೂ ಹದಕ್ಕೆ ಬರುತ್ತಿತ್ತು. ಹಬ್ಬಕ್ಕೆ ಹುಬ್ಬಳ್ಳಿಗೆ ಹೊರಟರೆ ಅವಳನ್ನು ಬೆಂಗಳೂರಲ್ಲಿ ಬಿಟ್ಟು ಹೋಗೋದು ಹೇಗೆ?

ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು ಸಲಹೆ ಕೊಟ್ಟಳು: "ಡಾಕ್ಟರ್ ಹತ್ರ ಎಮೋಷನಲ್ ಸಪೋರ್ಟ್ ಅನಿಮಲ್ ಅಂತ ಒಂದು ಪತ್ರ ಬರೆಸ್ಕೋ ಅಕ್ಕ." ಮನಸ್ಸಿಗೆ ಆಸರೆಯಾಗಿ ಈ ಪ್ರಾಣಿ ಜೊತೆಗಿರಬೇಕು ಅನ್ನುವ ಪತ್ರ ಅದು. ಅಲ್ಲಿ ಬಾಡಿಗೆ ಮನೆಯಲ್ಲಿ ಪ್ರಾಣಿ ಇಟ್ಟುಕೊಳ್ಳಲು ಆ ಪತ್ರ ನೆರವಾಗುವುದುಂಟು. 2021ರ ಜನವರಿಯಿಂದ ವಿಮಾನ ಕಂಪನಿಗಳು ಮಾತ್ರ ಅದನ್ನು ಒಪ್ಪಲೇಬೇಕು ಅಂತ ಅಲ್ಲೂ ಇಲ್ಲ. ನಮ್ಮ ಕಾನೂನಿನಲ್ಲಂತೂ ಅಂಥ ವರ್ಗವೇ ಇಲ್ಲ. ಆದರೂ ಬರೆಸಿಕೊಂಡೆ. ರೈಲಿಗೆ ನಾಯಿಯನ್ನು ಬುಕ್ ಮಾಡುವ ಪಾರ್ಸೆಲ್ ಆಫೀಸಿನ ಕ್ಲರ್ಕ್ ಅದನ್ನು ಪೂರ್ತಿ ಓದಿ, ಮೊದಲಿದ್ದ ಮಡಿಕೆಯಲ್ಲೇ ಮಡಚಿ, "ಇದು ಬೇಡ ಮೇಡಂ, ಇಂಜೆಕ್ಷನ್ ಬುಕ್ ಕೊಡಿ" ಅಂದರು.

ಅಪಾರ್ಟ್‌ಮೆಂಟಿನಲ್ಲೂ ಅಷ್ಟೇ. ನಾಯಿಯನ್ನು ಲಿಫ್ಟಿಗೆ ತರಬೇಡಿ ಅಂತ ಸಂಘದವರು ಹೇಳಿದಾಗ ಕೆಲಸಕ್ಕೆ ಬಂದದ್ದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ. ಅದರ ಪ್ರತಿ ಕೊಟ್ಟೆ, ಸುಮ್ಮನಾದರು. ಆಮೇಲೂ ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಲ್ಲಿ ನಾನು ಮೆಟ್ಟಿಲೇ ಇಳಿಯುತ್ತೇನೆ. ನೆರೆಯವರ ಜೊತೆ ದಿನಾ ಬಾಳಬೇಕಲ್ವಾ.

ರೈಲಲ್ಲಿ ನಾಯಿಯನ್ನು ಜೊತೆಗೇ ಕರೆದೊಯ್ಯಬೇಕು ಅಂದರೆ ಫಸ್ಟ್ ಕ್ಲಾಸ್ ಬೋಗಿ ಬೇಕು. ಅದರಲ್ಲೂ ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿರಬೇಕು. ಇಲ್ಲದಿದ್ದರೆ ಬ್ರೇಕ್ ವ್ಯಾನಿನ, ಅಂದರೆ ಗಾರ್ಡ್ ಮತ್ತು ಲಗೇಜ್ ಇರುವ ಬೋಗಿಯ, ನಾಯಿ ಪೆಟ್ಟಿಗೆ. ಅಷ್ಟು ಹೊತ್ತು ಕತ್ತಲಲ್ಲಿ, ಆ ಗಡಗಡ ಸದ್ದಲ್ಲಿ ಒಂಟಿ ನಾಯಿ! ನನಗೆ ಮನಸ್ಸು ಬರಲಿಲ್ಲ.

ಮೊದಲ ಸಲ ಎಡವಿದ್ದು ನಾನೇ. ಒಂದೇ ಟಿಕೆಟ್ ತೆಗೆಸಿದ್ದೆ. ಚಾರ್ಟ್ ಬಂದಾಗ ನೋಡಿದರೆ ಮೂವರು ಅಪರಿಚಿತರ ಜೊತೆ ಕ್ಯಾಬಿನ್. ಬ್ಯಾಗು, ನಾಯಿ, ಮೊಸರನ್ನದ ಡಬ್ಬಿ ಎಲ್ಲ ಹೊತ್ತು ವಾಪಸ್ ಮನೆಗೆ.

ಎರಡನೇ ಸಲ ಅಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದರು. ಇಬ್ಬರಿಗೂ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದೆ. ಜೊತೆಗೆ ನಾಯಿ ಇದೆ, ಕೂಪೆ ಕೊಡಿ ಅಂತ ಮೊದಲೇ ರೈಲ್ವೆ ಕಚೇರಿಗೆ ಅರ್ಜಿ ಕೊಟ್ಟೆ. ಅರ್ಜಿ ಕೊಟ್ಟರೂ ಕೂಪೆ ಗ್ಯಾರಂಟಿ ಅಲ್ಲ, ಚಾರ್ಟ್ ಬರುವವರೆಗೆ ಉಸಿರು ಬಿಗಿ ಹಿಡಿದೇ ಇರಬೇಕು.

ಅಪ್ಪನಿಗೆ ಮಾತ್ರ ತಡೆಯಲಿಲ್ಲ. "ಅಲ್ಲವಾ, ನಾಯಿಗೆ ಫಸ್ಟ್ ಕ್ಲಾಸಾ? ನಾನ ಇನ್ನೂ ಆ ಬೋಗಿ ಒಳಗ ಕಾಲಿಟ್ಟಿಲ್ಲ!"

ಅವತ್ತು ಕೂಪೆ ಸಿಕ್ಕಿತು. ಮೂರು ಗಂಟೆ ಮುಂಚೆಯೇ ಪಾರ್ಸೆಲ್ ಆಫೀಸಿಗೆ ಹೋದೆ. ಟಿಕೆಟ್, ನನ್ನ ಗುರುತಿನ ಚೀಟಿ, ಲಸಿಕೆ ಪುಸ್ತಕ, ಹಿಂದಿನ ದಿನ ಪಶುವೈದ್ಯರು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೆ. ಲಗೇಜ್ ಲೆಕ್ಕದಲ್ಲಿ ದುಡ್ಡು ಕಟ್ಟಿದ ಮೇಲೆ ರಸೀದಿ ಬಂತು. ಬುಕ್ ಮಾಡದೆ ಹತ್ತಿಸಿ ಸಿಕ್ಕಿಬಿದ್ದರೆ ಆ ದರದ ಆರು ಪಟ್ಟು ಕಟ್ಟಬೇಕಾಗುತ್ತದೆ.

ಒಂದು ತಿಂಗಳಿಂದ ದಿನಾ ಸಂಜೆ ಅವಳನ್ನು ಹಳಿ ಪಕ್ಕದ ರಸ್ತೆಗೆ ಕರೆದೊಯ್ಯುತ್ತಿದ್ದೆ. ಮೊದಮೊದಲು ರೈಲಿನ ಸದ್ದಿಗೆ ನನ್ನ ಕಾಲ ಸಂದಿಗೆ ನುಗ್ಗುತ್ತಿದ್ದವಳು ಕೊನೆಕೊನೆಗೆ ಕಿವಿ ಆಡಿಸಿ ಸುಮ್ನೆ ನಿಲ್ಲುತ್ತಿದ್ದಳು. ಬಾಯಿಕುಕ್ಕೆಯೂ ರೂಢಿಯಾಗಿತ್ತು. ಆದರೆ ಬೋಗಿ ಹತ್ತಿಸೋದನ್ನು ಕಲಿಸುವುದು ಹೇಗೆ? ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವಿನ ಸಂದು ನೋಡಿದ್ದೇ ನಾಲ್ಕೂ ಕಾಲು ಊರಿ ನಿಂತುಬಿಟ್ಟಳು. ಹಿಂದೆ ಜನ ಸೇರಿದರು. ನನ್ನ ಎದೆ ಹೊಡೆದುಕೊಳ್ಳತೊಡಗಿತು. "ಮುಂದಿನ ಕಾಲ ನೀ ಹಿಡಿ" ಅಂತ ಅಪ್ಪ ಅವಳ ಸೊಂಟಕ್ಕೆ ಕೈ ಹಾಕಿ ಎತ್ತಿದರು. ಅಕ್ಕಿ ಮೂಟೆ ಹತ್ತಿಸಿದ ಹಾಗೆ ಹತ್ತಿಸಿದೆವು.

ಊಟ ಸಂಜೆ ಐದಕ್ಕೇ ಮುಗಿಸಿದ್ದೆ, ಅದೂ ಅರ್ಧ. ಕೂಪೆಯಲ್ಲಿ ಅವಳ ಹಳೇ ಬೆಡ್‌ಶೀಟ್ ಹಾಸಿದೆ, ಒಗೆಯದೇ ತಂದದ್ದು. ಅದರ ವಾಸನೆಗೇ ಅರ್ಧ ಸಮಾಧಾನ. ತುಮಕೂರು ದಾಟುವಷ್ಟರಲ್ಲಿ ಮಲಗಿದ್ದಳು. ಮೂಲೆಗೆ ಹಾಸಿದ ಪೇಪರನ್ನು ಮೂಸಿಯೂ ನೋಡಲಿಲ್ಲ. ರಾತ್ರಿಯಿಡೀ ತಡೆದುಕೊಂಡವಳು ಇಳಿದದ್ದು ಹುಬ್ಬಳ್ಳಿಯಲ್ಲಿ. ಜಗತ್ತಿನಲ್ಲೇ ಉದ್ದದ, 1,507 ಮೀಟರಿನ ಪ್ಲಾಟ್‌ಫಾರ್ಮ್ ಇರುವ ನಿಲ್ದಾಣ. ಹೊರಗೆ ಹೋಗುವವರೆಗೆ ಕಾಯುತ್ತಾಳಾ? ಮೊದಲು ಸಿಕ್ಕ ಕಂಬಕ್ಕೇ ಕೆಲಸ ಮುಗಿಸಿದಳು. ನಾನು ಪೇಪರ್, ನೀರಿನ ಬಾಟಲಿ ಹಿಡಿದು ಒರೆಸುತ್ತಾ ಕೂತೆ. ಅಪ್ಪ ಹತ್ತು ಹೆಜ್ಜೆ ದೂರ ಹೋಗಿ, ನಮಗೂ ತಮಗೂ ಸಂಬಂಧವೇ ಇಲ್ಲದವರಂತೆ ನಿಂತಿದ್ದರು.

ವಾಪಸ್ ಬರುವಾಗ ಹೊಸ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು ಅನ್ನೋದು ನನಗೆ ಹೊಳೆದದ್ದು ಭಾನುವಾರ ಬೆಳಿಗ್ಗೆ. ಪಶು ಆಸ್ಪತ್ರೆ ಬಾಗಿಲು ಹಾಕಿತ್ತು. ಅಪ್ಪನ ಪರಿಚಯದ ವೈದ್ಯರೊಬ್ಬರು ಮನೆಯಲ್ಲೇ ಚುಕ್ಕಿಯ ಜ್ವರ ನೋಡಿ, ಬಾಯಿ ತೆರೆಸಿ, ಕಿವಿ ಮಡಚಿ ನೋಡಿ ಬರೆದುಕೊಟ್ಟರು. ಈಗ ಟಿಕೆಟ್ ಮಾಡಿಸುವ ದಿನವೇ ಅವರಿಗೂ ಒಂದು ಫೋನ್ ಮಾಡಿಬಿಡುತ್ತೇನೆ.