ಭಾರಿ ರಿಯಾಯಿತಿಯ ಅಗ್ಗದ ಮಡಚುವ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಅಳೆಯುವುದು ಹೇಗೆ?

ನನ್ನ ಪರಿಚಯದವರು ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಫೋನ್ ಮಾಡುವುದಿಲ್ಲ, ಕೊಂಡ ಮೇಲೆ ಮಾಡುತ್ತಾರೆ. ‘ಅರ್ಧ ಬೆಲೆಗೆ ಬಂತು, ಪರದೆ ಪೂರ್ತಿ ಹಿಂದಕ್ಕೆ ಮಡಚುತ್ತೆ, ಟಚ್ ಕೂಡ ಇದೆ. ಆದ್ರೆ ಯಾಕೋ ತುಂಬಾ ಸ್ಲೋ.’ ಇದೇ ದೂರು ಮೂರು ಸಲ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಮೂವರೂ ರಿಯಾಯಿತಿ ನೋಡಿದ್ದರು, ಮಡಚಿ ನೋಡಿದ್ದರು. ಒಳಗೇನಿದೆ ಅಂತ ಮಾತ್ರ ನೋಡಿರಲಿಲ್ಲ.

360 ಡಿಗ್ರಿ ತಿರುಗುವ ಹಿಂಜ್ (ಪರದೆಯ ಕೀಲು), ಟಚ್ ಪರದೆ, ಅದರ ಮೇಲಿನ ಗಾಜು ಇವ್ಯಾವುವೂ ಪುಕ್ಕಟೆ ಬರುವುದಿಲ್ಲ. ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಆ ಖರ್ಚು ಬೆಲೆಗೆ ಸೇರುತ್ತದೆ. ಅಗ್ಗದ್ದರಲ್ಲಿ ರ್‍ಯಾಮ್, ಸ್ಟೋರೇಜ್, ಪರದೆಯ ಬೆಳಕು ಇವುಗಳಲ್ಲಿ ಎಲ್ಲೋ ಒಂದು ಕಡೆ ಕತ್ತರಿ ಬಿದ್ದಿರುತ್ತದೆ. ಅದು ಎಲ್ಲಿ ಬಿದ್ದಿದೆ ಎಂದು ಹುಡುಕಬೇಕು.

ಹೆಜ್ಜೆ 1: ಅಡ್ಡಗೆರೆ ಎಳೆದ ಬೆಲೆಯನ್ನು ಮರೆತುಬಿಡಿ. ಆ ಬೆಲೆಗೆ ಅದನ್ನು ಯಾರೂ ಕೊಂಡಿಲ್ಲದಿರಬಹುದು. ಹಳೆಯ ಬೆಲೆಗಳ ದಾಖಲೆ ತೋರಿಸುವ ಜಾಲತಾಣಗಳಿವೆ. ಹಿಂದಿನ ಮೂರು ತಿಂಗಳು ಎಷ್ಟಕ್ಕೆ ಮಾರಾಟವಾಗಿದೆ ನೋಡಿ. ಇಂದಿನ ದುಡ್ಡಿಗೆ ಮಡಚದ ಸಾದಾ ಲ್ಯಾಪ್‌ಟಾಪ್ ಯಾವುದು ಸಿಗುತ್ತದೆ ಎಂದೂ ನೋಡಿ. ನಿಜವಾದ ಹೋಲಿಕೆ ಅದರ ಜೊತೆಗೇ.

ಹೆಜ್ಜೆ 2: ಪೂರ್ತಿ ಮಾಡೆಲ್ ನಂಬರ್ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ಒಂದೇ ಹೆಸರು, ಒಂದೇ ಬಣ್ಣ, ಒಂದೇ ಫೋಟೊ ಇಟ್ಟುಕೊಂಡು ಕಂಪನಿಗಳು ಹಲವು ಬಗೆ ಮಾರುತ್ತವೆ. ವಿಮರ್ಶೆಯಲ್ಲಿ ಹೊಗಳಿಸಿಕೊಂಡದ್ದು 8 ಜಿಬಿ ರ್‍ಯಾಮ್‌ನದು, ರಿಯಾಯಿತಿಯಲ್ಲಿ ಇಟ್ಟದ್ದು 4 ಜಿಬಿಯದು. ಹೆಸರಿನ ಕೊನೆಗೆ ಬರುವ ಅಕ್ಷರ, ಅಂಕಿಗಳ ಬಾಲವಿದೆಯಲ್ಲ, ಅದನ್ನು ಹಾಗೇ ಬರೆದುಕೊಂಡು ತಯಾರಕರ ಪುಟದಲ್ಲಿ ಹುಡುಕಿ. ಮಾರುವವರ ಪುಟವನ್ನು ನಂಬಬೇಡಿ.

ಆಮೇಲೆ ಸ್ಟೋರೇಜ್ ಸಾಲನ್ನು ಎರಡು ಸಲ ಓದಿ. ‘ಎಸ್‌ಎಸ್‌ಡಿ’ ಎಂದಿದ್ದರೆ ಸರಿ. ‘ಇಎಂಎಂಸಿ’ ಎಂದಿದ್ದರೆ, ಅಥವಾ ಸುಮ್ನೆ ‘ಫ್ಲ್ಯಾಶ್ ಸ್ಟೋರೇಜ್’ ಎಂದು ತೇಲಿಸಿದ್ದರೆ ಹುಷಾರು. ಇಎಂಎಂಸಿ ಎಂದರೆ ಅಗ್ಗದ ಫೋನ್, ಟ್ಯಾಬ್ಲೆಟ್‌ಗಳಲ್ಲಿ ಬರುವ ಚಿಪ್. ಅದರ 5.1 ಆವೃತ್ತಿಯ ಗರಿಷ್ಠ ವೇಗ ಕಾಗದದ ಮೇಲೆ ಸೆಕೆಂಡಿಗೆ 400 ಎಂಬಿ. ಎನ್‌ವಿಎಂಇ ಎಂಬ ವೇಗದ ಬಗೆಯ ಸಾಧಾರಣ ಎಸ್‌ಎಸ್‌ಡಿ ಕೂಡ ಅದರ ನಾಲ್ಕೈದು ಪಟ್ಟು ಓಡುತ್ತದೆ. ಮೇಲಾಗಿ ಇಎಂಎಂಸಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲಾಗದು. 64 ಜಿಬಿ ಎಂದದ್ದು ವಿಂಡೋಸ್‌ನಲ್ಲಿ 58ರ ಆಸುಪಾಸು ಕಾಣುತ್ತದೆ, ಅದರಲ್ಲೂ ದೊಡ್ಡ ಪಾಲು ವಿಂಡೋಸ್‌ಗೇ ಹೋಗುತ್ತದೆ. ನನ್ನ ಸೋದರಮಾವನ ಮಗಳ ಲ್ಯಾಪ್‌ಟಾಪ್‌ನಲ್ಲಿ ಮೊದಲ ದೊಡ್ಡ ಅಪ್‌ಡೇಟ್‌ಗೇ ಜಾಗ ಸಾಲದೆ, ಪೆನ್‌ಡ್ರೈವ್ ಚುಚ್ಚಿಕೊಂಡು ಅರ್ಧ ದಿನ ಕೂತಿದ್ದೆ.

ಇನ್ನೊಂದು ಕಣ್ಕಟ್ಟು: ‘1 ಟಿಬಿಗಿಂತ ಜಾಸ್ತಿ ಸ್ಟೋರೇಜ್’. ಒಳಗೆ ಇರುವುದು 128 ಜಿಬಿ. ಉಳಿದದ್ದು ಒಂದು ವರ್ಷದ ಕ್ಲೌಡ್ ಚಂದಾ. ಇಂಥ ಜಾಹೀರಾತು ಕಂಡರೆ ನಾನು ಆ ಅಂಗಡಿಯನ್ನೇ ಬಿಡುತ್ತೇನೆ.

ರ್‍ಯಾಮ್ 8 ಜಿಬಿಗಿಂತ ಕಡಿಮೆ ಇದ್ದರೆ ಬೇಡ. ಮಾತುಕತೆಯೇ ಇಲ್ಲ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ ನಿಜ, ಆದರೆ ಅದು ಹೊಸ್ತಿಲು ದಾಟಲು ಬೇಕಾದಷ್ಟು ಮಾತ್ರ. ‘ಆಮೇಲೆ ಹಾಕಿಸಿಕೊಂಡರಾಯಿತು’ ಅನ್ನುವಂತೆಯೂ ಇಲ್ಲ. ಇಂಥ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಸಾಮಾನ್ಯವಾಗಿ ಬೆಸೆದೇ ಬರುತ್ತದೆ.

ಪ್ರೊಸೆಸರ್ ಹೆಸರಿನಲ್ಲಿ ‘ಸೆಲೆರಾನ್ ಎನ್4020’ ಕಂಡರೆ ಮುಂದೆ ಹೋಗಿ. ಅದರಲ್ಲಿ ಎರಡೇ ಕೋರ್ (ಲೆಕ್ಕ ಮಾಡುವ ಘಟಕ). 2023ರಲ್ಲಿ ಬಂದ ಇಂಟೆಲ್ ಎನ್100ರಲ್ಲಿ ನಾಲ್ಕಿವೆ. ಬರವಣಿಗೆ, ಬ್ರೌಸಿಂಗ್, ವಿಡಿಯೊಗೆ ಅಡ್ಡಿಯಿಲ್ಲ. ಎಎಂಡಿ ರೈಜನ್ 7000 ಸಾಲಿನಲ್ಲಿ ಮೊದಲ ಅಂಕಿಗೆ ಮರುಳಾಗಬೇಡಿ, ಮೂರನೆಯದನ್ನು ನೋಡಿ. 7520ಯು ಒಳಗಿರುವುದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ, 7530ಯು ಒಳಗೆ ಝೆನ್ 3. ನಡುವಿನ ಒಂದೇ ಅಂಕಿಯಲ್ಲಿ ಒಂದು ತಲೆಮಾರು ಅಡಗಿದೆ.

ಅದು ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಒಎಸ್ ಇರುವುದು) ಆಗಿದ್ದರೆ ಇನ್ನೊಂದು ಕೆಲಸ. ಅದಕ್ಕೆ ಅಪ್‌ಡೇಟ್ ನಿಲ್ಲುವ ದಿನಾಂಕವಿದೆ, ಗೂಗಲ್ ಪಟ್ಟಿಯಲ್ಲಿ ಸಿಗುತ್ತದೆ. ಆ ಲೆಕ್ಕ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ. ಗೋದಾಮಿನಲ್ಲಿ ಕೂತ ವರ್ಷಗಳೂ ಕಳೆದುಹೋದವೇ.

ಹೆಜ್ಜೆ 3: ಹಿಂಜ್ ಪರೀಕ್ಷೆ. ಆದಷ್ಟು ಕೈಯಲ್ಲಿ ಹಿಡಿದು ನೋಡಿ. ಪರದೆಯ ಒಂದು ಮೂಲೆ ಮಾತ್ರ ಹಿಡಿದು ನಿಧಾನ ತೆರೆಯಿರಿ. ಇನ್ನೊಂದು ಮೂಲೆ ಹಿಂದೆ ಉಳಿದು ಮುಚ್ಚಳ ತಿರುಚಿಕೊಂಡರೆ, ಹಿಂಜ್ ಬಿಗಿ, ಪ್ಲಾಸ್ಟಿಕ್ ಬಡಕಲು. ಲೋಹದ ಹಿಂಜ್ ಮುರಿಯುವುದು ಅಪರೂಪ. ಸ್ಕ್ರೂ ಕೂತ ಪ್ಲಾಸ್ಟಿಕ್ ಒಡೆಯುತ್ತದೆ, ಮೂಲೆ ಬಾಯಿ ಬಿಡುತ್ತದೆ. ಹೀಗಾಗಿ ಯಾವಾಗಲೂ ಮಧ್ಯದಲ್ಲಿ ಹಿಡಿದು ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಟೆಂಟ್ ಥರ ನಿಲ್ಲಿಸಿ ಬೆರಳಿಂದ ಪರದೆ ಒತ್ತಿ. ಜಾರಿದರೆ ಅಥವಾ ತೂಗಾಡಿದರೆ ಮಡಚುವ ಸೌಲಭ್ಯಕ್ಕೆ ಅರ್ಥವಿಲ್ಲ. ಪೂರ್ತಿ ಹಿಂದಕ್ಕೆ ಮಡಚಿದಾಗ ಕೀಬೋರ್ಡ್ ಕೆಲಸ ಮಾಡುವುದನ್ನು ತಾನಾಗಿ ನಿಲ್ಲಿಸಬೇಕು.

ಹಾಗೇ ಎಡಗೈಯಲ್ಲಿ ಹತ್ತು ನಿಮಿಷ ಎತ್ತಿ ಹಿಡಿಯಿರಿ. ಇಂಥವು ಹೆಚ್ಚಾಗಿ ಒಂದೂವರೆ ಕೆಜಿ ಹತ್ತಿರ ತೂಗುತ್ತವೆ. ಸಾಮಾನ್ಯ ಐಪ್ಯಾಡ್ ಅರ್ಧ ಕೆಜಿಯೂ ಇಲ್ಲ. ಹಾಸಿಗೆಯಲ್ಲಿ ಮಲಗಿ ಓದುವ ಕನಸು ಅಲ್ಲಿಗೆ ಮುಗಿಯಿತು ಅಲ್ವಾ?

ಹೆಜ್ಜೆ 4: ಪೆನ್ನು. ಪೆಟ್ಟಿಗೆಯಲ್ಲಿ ಇದೆಯೇ, ಇಲ್ಲದಿದ್ದರೆ ಯಾವ ಬಗೆ ಒಪ್ಪುತ್ತದೆ ಕೇಳಿ. ಎಂಪಿಪಿ, ಎಇಎಸ್, ಯುಎಸ್‌ಐ ಅಂತ ಬೇರೆ ಬೇರೆ ಪದ್ಧತಿಗಳಿವೆ. ಒಂದರ ಪೆನ್ನು ಇನ್ನೊಂದರಲ್ಲಿ ಬರೆಯುತ್ತದೆ ಎನ್ನುವಂತಿಲ್ಲ. ರಬ್ಬರ್ ತುದಿಯ ಅಗ್ಗದ ಪೆನ್ನು ಕಸ. ಅದು ಬೆರಳಿನ ಬದಲಿ ಅಷ್ಟೇ, ಅಂಗೈ ತಾಗಿದರೂ ಗೀಟು ಬೀಳುತ್ತದೆ.

ಹೆಜ್ಜೆ 5: ಉಳಿದವು. ಪರದೆ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ), 1920×1080 ಇರಲಿ. ಬೆಳಕು 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಇದ್ದರೆ ಮನೆಯೊಳಗೆ ಮಾತ್ರ ಸಾಕು. ಯುಎಸ್‌ಬಿ-ಸಿಯಿಂದ ಚಾರ್ಜ್ ಆಗಬೇಕು. ‘ಎಸ್ ಮೋಡ್’ (ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳನ್ನಷ್ಟೇ ಹಾಕಲು ಬಿಡುವ ವಿಂಡೋಸ್) ಎಂದಿದ್ದರೆ ಹೆದರಬೇಡಿ, ಪುಕ್ಕಟೆಯಾಗಿ ತೆಗೆಯಬಹುದು. ಮತ್ತೆ ಹಾಕಲು ಬರುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಇಷ್ಟೂ ಸರಿ ಇದ್ದರೆ ಕೊನೆಗೆ ಒಂದು ಪ್ರಶ್ನೆ: ಹೋದ ತಿಂಗಳು ಎಷ್ಟು ಸಲ ‘ಇದನ್ನು ಮಡಚಲು ಬಂದಿದ್ದರೆ’ ಅನ್ನಿಸಿತು? ಚಿತ್ರ ಬರೆಯುವವರು, ಪಿಡಿಎಫ್ ಮೇಲೆ ಗುರುತು ಹಾಕುವವರು, ಇಕ್ಕಟ್ಟಿನ ಮೇಜಿನಲ್ಲಿ ಸಿನಿಮಾ ನೋಡುವವರು ಕೂಡಲೇ ಉತ್ತರಿಸುತ್ತಾರೆ. ಯೋಚಿಸಬೇಕಾಗಿ ಬಂದವರು ಅದೇ ದುಡ್ಡಿಗೆ ಮಡಚದ, 16 ಜಿಬಿ ರ್‍ಯಾಮ್‌ನದು ಸಿಕ್ಕೀತೇ ನೋಡಲಿ.

ಕೊಂಡರೆ ಪೆಟ್ಟಿಗೆ ಎಸೆಯಬೇಡಿ. ವಾಪಸಾತಿ ಅವಧಿ ಮುಗಿಯುವುದರೊಳಗೆ ಎಲ್ಲ ಅಪ್‌ಡೇಟ್ ಹಾಕಿ, ದಿನಕ್ಕೆ ಹತ್ತು ಸಲ ಮಡಚಿ, ಪರದೆಯ ನಾಲ್ಕೂ ಮೂಲೆಗೆ ಬೆರಳು ಮುಟ್ಟಿಸಿ ನೋಡಿ. ಪರದೆಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯನ್ನು ಆಮೇಲೆ ಕೊಂಡರಾಯಿತು.