ಗಂಟಿಲ್ಲದ ಕಸೂತಿ: ಮೊದಲ ಗೋಪುರ, ಆಮೇಲೆ ಕೂಲಿಯ ಲೆಕ್ಕ

ಇಳಕಲ್ ಸೀರೆಗೆ ಕಸೂತಿ ಹಾಕುವುದು ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಎಷ್ಟೋ ಹೆಣ್ಣುಮಕ್ಕಳಿಗೆ ಹೊಟ್ಟೆಪಾಡಿನ ಕೆಲಸ. ಅದನ್ನೇ ಮಧ್ಯಾಹ್ನದ ಬಿಡುವಿನಲ್ಲಿ ಖುಷಿಗಾಗಿ ಮಾಡುವವರೂ ಇದ್ದಾರೆ. ಖುಷಿಗೆ ಮಾಡುವವರು ತಪ್ಪಿದಲ್ಲೆಲ್ಲ ಬಿಚ್ಚಿ ಮತ್ತೆ ಹಾಕಬಹುದು. ಕೂಲಿಗೆ ಮಾಡುವವರಿಗೆ ಬಿಚ್ಚಿದ ಹೊತ್ತಿನ ಕಾಸು ಯಾರೂ ಕೊಡುವುದಿಲ್ಲ. ಹಾಗಾಗಿ ಅವರು ಸೂಜಿ ಊರುವ ಮೊದಲೇ ದಾರ ಹೋಗುವ ದಾರಿ, ಬರುವ ದಾರಿ ಎರಡನ್ನೂ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರುತ್ತಾರೆ. ಅವರ ವೇಗ ನಿಮಗೆ ಬೇಕಿಲ್ಲ, ಆ ದಾರಿ ಹಾಕುವ ಬುದ್ಧಿ ಬೇಕು. ಈ ಬರಹದ ಬಹುಪಾಲು ಅದರದ್ದೇ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲಿನಂತೆ ಹತ್ತಿಳಿಯುವ ಗೆರೆ. ಎರಡರಲ್ಲೂ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಆದ್ದರಿಂದ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ನೇಗಿ ಅಂದರೆ ಉದ್ದ, ಗಿಡ್ಡ ಹೊಲಿಗೆ ಸೇರಿಸಿ ನೇಯ್ದಂತೆ ಕಾಣಿಸುವುದು. ಇದರ ಹಿಂಬದಿ ಮುಂಬದಿಗೆ ತಿರುವುಮುರುವು. ಮೆಂತಿ ಅಡ್ಡಡ್ಡ ಹೊಲಿಗೆ, ಮೆಂತ್ಯದ ಕಾಳು ಚೆಲ್ಲಿದಂತೆ, ದಾರ ಬಹಳ ತಿನ್ನುತ್ತದೆ. ಶುರುವಿಗೆ ಗವಂತಿ, ಮುರ್ಗಿ ಎರಡೇ ಸಾಕು.

ಬೇಕಾದ ಸಾಮಾನು

ಮೊದಲೇ ಸೀರೆ ಹಿಡಿಯಬೇಡಿ. ಅರ್ಧ ಮೀಟರ್ ಬಿಳಿ ಅಥವಾ ಕೆನೆ ಬಣ್ಣದ ಮ್ಯಾಟಿ ಬಟ್ಟೆ ತನ್ನಿ. ಇದರಲ್ಲಿ ಎಳೆಗಳು ಚೌಕಚೌಕವಾಗಿ ಕೂತಿರುವುದರಿಂದ ಎಣಿಸುವುದು ಸಲೀಸು. ಅಂಗಡಿಯಲ್ಲೇ ಪಟ್ಟಿ ಇಟ್ಟು ನೋಡಿ, ಇಂಚಿಗೆ 12ರಿಂದ 14 ಮನೆ, ಅಂದರೆ ಚೌಕ, ಇದ್ದರೆ ಸರಿ. ಅದಕ್ಕಿಂತ ಸಣ್ಣದು ಕಣ್ಣಿಗೆ ತ್ರಾಸು. ಮನೆಗೆ ತಂದ ಮೇಲೆ ಒಂದು ತಾಸು ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ. ಕಸೂತಿ ಹಾಕಿದ ಮೇಲೆ ಬಟ್ಟೆ ಕುಗ್ಗಿದರೆ ದಾರ ಸಡಿಲಾಗಿ ಉಬ್ಬಿ ನಿಲ್ಲುತ್ತದೆ.

ಸೂಜಿ ಮೊಂಡು ಮೊನೆಯದು, 24 ಅಥವಾ 26ನೇ ನಂಬರು. ಚೂಪು ಸೂಜಿ ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ, ಬಿಚ್ಚುವಾಗ ದಾರ ಜುಂಗಾಗುತ್ತದೆ. ದಾರಕ್ಕೆ ಆರು ಎಳೆಯ ಹತ್ತಿ ಲಚ್ಚಿ. ಆ್ಯಂಕರ್ ಕಂಪನಿಯ ಲಚ್ಚಿಯೊಂದರಲ್ಲಿ 8 ಮೀಟರ್ ಇರುತ್ತದೆ. ಮ್ಯಾಟಿಗೆ ಎರಡು ಎಳೆ ಸಾಕು. ಕೆಂಪು, ಕಡುಹಸಿರು ದಾರಗಳು ಬಣ್ಣ ಬಿಡಬಹುದು. ಒಂದು ಗೇಣು ಕತ್ತರಿಸಿ, ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಅದುಮಿಟ್ಟು ನೋಡಿ.

ದಾರದ ಉದ್ದ ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ಇದಕ್ಕೆ ಲೆಕ್ಕವಿದೆ. ಗವಂತಿ ಗೆರೆ ಮುಂದೆ ಒಂದು ಪಾಲು ದಾರ ತಿಂದರೆ ಹಿಂದೆ ಮತ್ತೊಂದು ಪಾಲು ತಿನ್ನುತ್ತದೆ, 10 ಸೆಂ.ಮೀ. ಗೆರೆಗೆ 20 ಸೆಂ.ಮೀ. ದಾರ ಹೋಗುತ್ತದೆ. ಶುರುವಿಗೂ ಕೊನೆಗೂ ನಾಲ್ಕು ಬೆರಳು ಬಿಟ್ಟರೆ, ಮೊಳ ದಾರದಲ್ಲಿ 14–15 ಸೆಂ.ಮೀ. ಗೆರೆ ಆಗುತ್ತದೆ. ಮೇಲಿಂದ ಮೇಲೆ ದಾರ ಪೋಣಿಸುವ ಬೇಸರಕ್ಕೆ ಎರಡು ಮೊಳ ತೆಗೆದುಕೊಂಡರೆ ಅದು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಕಳೆದುಕೊಳ್ಳುತ್ತದೆ, ನಡುವೆ ಸಿಕ್ಕು ಬೀಳುತ್ತದೆ.

ಗೋಪುರ

ಬಟ್ಟೆಯ ಎರಡು ಮನೆಗೆ ಒಂದು ಹೊಲಿಗೆ. ಅದನ್ನು ಇಲ್ಲಿ ಒಂದು ಹೆಜ್ಜೆ ಅನ್ನೋಣ. ಗೋಪುರದ ಅಗಲ 10 ಹೆಜ್ಜೆ, ಎತ್ತರ 5 ಹೆಜ್ಜೆ, ಅದರ ಮೇಲೆ 2 ಹೆಜ್ಜೆಯ ಕಳಸ. ಮೊದಲು ಚೌಕುಳಿ ಹಾಳೆಯ ಮೇಲೆ ಬರೆದುಕೊಳ್ಳಿ.

ಕಸೂತಿಗೆ ಗಂಟು ಹಾಕುವುದಿಲ್ಲ. ದಾರದ ತುದಿ ನಾಲ್ಕು ಬೆರಳು ಹಿಂದೆ ಬಿಟ್ಟು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಡಗಡೆ ಬುಡದಿಂದ ಸೂಜಿಯನ್ನು ಮೇಲಕ್ಕೆ ತನ್ನಿ. ಈಗ ಮೇಲಕ್ಕೆ ಒಂದು ಹೆಜ್ಜೆ, ಇದು ಮುಂದೆ, ಅಂದರೆ ಬಟ್ಟೆಯ ಮುಂಬದಿಗೆ ಬೀಳುತ್ತದೆ. ಬಲಕ್ಕೆ ಒಂದು ಹೆಜ್ಜೆ, ಇದು ಹಿಂದೆ, ಅಂದರೆ ಹಿಂಬದಿಗೆ. ಮತ್ತೆ ಮೇಲಕ್ಕೆ ಮುಂದೆ, ಬಲಕ್ಕೆ ಹಿಂದೆ. ಹೀಗೆ ಐದು ಸಲ ಮೇಲಕ್ಕೆ, ನಡುನಡುವೆ ನಾಲ್ಕು ಸಲ ಬಲಕ್ಕೆ ಹೋದರೆ ಒಂಬತ್ತು ಹೊಲಿಗೆ ಆದವು. ಹತ್ತನೆಯದು ನೆತ್ತಿಯ ಮೇಲೆ ಬಲಕ್ಕೆ, ಹಿಂದೆ ಬೀಳುತ್ತದೆ. ನೀವೀಗ ನೆತ್ತಿಯ ನಟ್ಟನಡುವೆ ಇದ್ದೀರಿ.

ಇಲ್ಲಿ ಕಳಸ. ಮೇಲಕ್ಕೆ ಎರಡು ಹೆಜ್ಜೆ ಹೋಗಿ, ಅದೇ ದಾರಿಯಲ್ಲಿ ಎರಡು ಹೆಜ್ಜೆ ಕೆಳಕ್ಕೆ ಬನ್ನಿ. ನಾಲ್ಕು ಹೊಲಿಗೆಯಲ್ಲಿ ಕಳಸ ಎರಡೂ ಮಗ್ಗುಲಲ್ಲಿ ಪೂರ್ತಿಯಾಯಿತು. ಬಳ್ಳಿಯ ಟಿಸಿಲು, ಆನೆಯ ಸೊಂಡಿಲು, ತೇರಿನ ಬಾವುಟ ಯಾವುದೇ ಇರಲಿ, ಹೋದ ದಾರಿಯಲ್ಲೇ ಬಂದು ಮುಖ್ಯ ಗೆರೆ ಸೇರಿಕೊಳ್ಳಬೇಕು. ಹೋಗುವಾಗ ಟಿಸಿಲು ಮರೆತರೂ ಚಿಂತೆಯಿಲ್ಲ, ವಾಪಸ್ ಬರುವಾಗ ಮಾಡಿಕೊಳ್ಳಬಹುದು. ಆಗಲೂ ಮರೆತರೆ ಮಾತ್ರ ಬೇರೆ ದಾರ ಬೇಕಾಗುತ್ತದೆ.

ಕಳಸ ಮುಗಿದ ಮೇಲೆ ನೆತ್ತಿಯ ಉಳಿದ ಹೆಜ್ಜೆ ಬಲಕ್ಕೆ, ಮುಂದೆ. ಆಮೇಲೆ ಕೆಳಕ್ಕೆ ಹಿಂದೆ, ಬಲಕ್ಕೆ ಮುಂದೆ, ಹಾಗೇ ಇಳಿಯುತ್ತ ಬುಡಕ್ಕೆ ಬಂದು, ಎಡಕ್ಕೆ ಹತ್ತು ಹೆಜ್ಜೆ ಹಾಕಿ ಶುರುವಿನ ಜಾಗ ಮುಟ್ಟಿ.

ಸೂಜಿ ನಿಲ್ಲಿಸಿ, ಬಟ್ಟೆಯನ್ನು ಸರಿಯಾಗಿ ನೋಡಿ. ಎಡ ಇಳಿಜಾರಿನಲ್ಲಿ ನಿಂತ ಗೆರೆಗಳು ಮಾತ್ರ, ಬಲ ಇಳಿಜಾರಿನಲ್ಲಿ ಮಲಗಿದ ಗೆರೆಗಳು ಮಾತ್ರ ಕಾಣಬೇಕು. ಬುಡದಲ್ಲಿ ಒಂದು ಬಿಟ್ಟು ಒಂದು. ಹಿಂದೆ ತಿರುಗಿಸಿದರೆ ಎಲ್ಲ ತಿರುವುಮುರುವು. ಹೀಗಿಲ್ಲದಿದ್ದರೆ ಎಲ್ಲೋ ಒಂದು ಹೆಜ್ಜೆ ತಪ್ಪಿದೆ. ಬಿಚ್ಚುವುದಾದರೆ ಈಗಲೇ ಬಿಚ್ಚಿ, ವಾಪಸ್ ದಾರ ತುಂಬಿದ ಮೇಲೆ ತಪ್ಪು ಹುಡುಕುವುದು ಕಷ್ಟ.

ಹೊಸಬರು ಹೆಚ್ಚಾಗಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸುತ್ತು ಮುಗಿಯಿತಲ್ಲ, ಇನ್ನೊಂದು ಸುತ್ತು ಅದೇ ದಿಕ್ಕಿನಲ್ಲಿ ಹೋದರೆ ಬಿಟ್ಟ ಜಾಗ ತುಂಬುತ್ತದೆ ಅನ್ನಿಸುತ್ತದೆ. ತುಂಬುವುದಿಲ್ಲ! ಈ ಗೋಪುರದ ಸುತ್ತಳತೆ 30 ಹೆಜ್ಜೆ, ಸಮಸಂಖ್ಯೆ. ಸಮಸಂಖ್ಯೆಯ ಸುತ್ತಿನಲ್ಲಿ ಅದೇ ದಿಕ್ಕಿಗೆ ಹೊರಟರೆ ಮೊದಲು ಮುಂದೆ ಬಿದ್ದ ಹೊಲಿಗೆಯ ಮೇಲೇ ಮತ್ತೆ ಮುಂದೆ ಬೀಳುತ್ತದೆ, ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಬಂದ ದಾರಿಯಲ್ಲೇ ಹಿಂದಿರುಗಬೇಕು. ಮೊದಲು ಬುಡದ ಗೆರೆಯಲ್ಲಿ ಬಲಕ್ಕೆ, ಆಮೇಲೆ ಬಲ ಇಳಿಜಾರು ಹತ್ತಿ, ನೆತ್ತಿ ದಾಟಿ, ಎಡಕ್ಕೆ ಇಳಿಯುವುದು. ಕಳಸ ಆಗಲೇ ಮುಗಿದಿದೆ, ಅದನ್ನು ಮುಟ್ಟಬೇಡಿ. ಬೆಸ ಇರಲಿ, ಸಮ ಇರಲಿ, ಹಿಂದಿರುಗುವ ದಾರಿ ಎಂದೂ ಕೈಕೊಡುವುದಿಲ್ಲ.

ವಾಪಸ್ ಬರುವಾಗ ಸೂಜಿ ಹಳೆಯ ದಾರದ ಒಂದೇ ಪಕ್ಕದಿಂದ ಏಳಬೇಕು, ಇನ್ನೊಂದು ಪಕ್ಕಕ್ಕೆ ಇಳಿಯಬೇಕು. ಮಲಗಿದ ಗೆರೆಯಾದರೆ ಹಳೆಯ ಹೊಲಿಗೆಯ ಮೇಲ್ಮಗ್ಗುಲಿಂದ ಎದ್ದು, ಮುಂದಿನದರ ಕೆಳಮಗ್ಗುಲಿಗೆ ಇಳಿಯಿರಿ. ಒಮ್ಮೆ ಹೀಗೆ ಒಮ್ಮೆ ಹಾಗೆ ಮಾಡಿದರೆ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ. ದಾರ ಎಳೆಯುವ ಬಿಗಿ, ಹೊಲಿಗೆ ಬಟ್ಟೆಗೆ ತಾಗಿ ಕೂರುವಷ್ಟಿರಲಿ. ಮೂಲೆಗಳಲ್ಲಿ ತೂತು ಕಂಡರೆ ಹೆಚ್ಚು ಎಳೆದಿದ್ದೀರಿ.

ಕೊನೆಗೆ ಎರಡು ತುದಿಗಳನ್ನೂ ಹಿಂಬದಿಯ ಐದಾರು ಹೊಲಿಗೆಗಳ ಅಡಿಯಲ್ಲಿ, ಗೆರೆಯ ಗುಂಟ, ನುಸುಳಿಸಿ ಕತ್ತರಿಸಿ. ಇಡೀ ಗೋಪುರ 32 ಹೆಜ್ಜೆ, ಹೊಲಿಗೆ 64. ಒಂದು ಮೊಳ ದಾರದಲ್ಲಿ ಮುಗಿಯುತ್ತದೆ.

ಸೀರೆಗೆ ಹೋಗುವ ಮೊದಲು

ಹತ್ತಿಪ್ಪತ್ತು ಗೋಪುರ ಆದ ಮೇಲೆ ಸೀರೆಯ ಆಸೆ ಬರುತ್ತದೆ, ಬರಲಿ. ಆದರೆ ಸೀರೆ ಮ್ಯಾಟಿಯಂತಲ್ಲ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡರ ಎಳೆಗಳು ಇಂಚಿಗೆ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಭೂತಗನ್ನಡಿ ಇಟ್ಟು ಎರಡೂ ದಿಕ್ಕಿಗೆ ಒಂದೊಂದು ಇಂಚು ಎಣಿಸಿ. ಒಂದು ಕಡೆ 72, ಇನ್ನೊಂದು ಕಡೆ 60 ಬಂತು ಅಂದುಕೊಳ್ಳಿ. ಎರಡೂ ಕಡೆ ಐದೈದೇ ಎಳೆ ಎಣಿಸಿದರೆ ಗೋಪುರ ಒಂದು ದಿಕ್ಕಿಗೆ ಜಗ್ಗಿದಂತೆ ಕಾಣುತ್ತದೆ. ಮೊದಲನೆಯ ದಿಕ್ಕಿಗೆ 6 ಎಳೆ, ಎರಡನೆಯದಕ್ಕೆ 5 ಎಳೆ ಹಿಡಿದರೆ ಎರಡೂ ಇಂಚಿನ ಹನ್ನೆರಡನೇ ಒಂದು ಪಾಲಾಗಿ ಚೌಕ ಕೂರುತ್ತದೆ.

ಅಷ್ಟು ಸಣ್ಣ ಎಳೆ ಎಣಿಸಲಾಗದವರು ಕ್ಯಾನ್ವಾಸ್ ಬಲೆಯನ್ನು ಸೀರೆಯ ಮೇಲೆ ಟಾಕಿ ಅದರ ಮನೆಗಳನ್ನು ಎಣಿಸುತ್ತಾರೆ. ಆಗ ಸೂಜಿ ಚೂಪಿನದು, 9ನೇ ನಂಬರು. ಬಲೆ ಸೀರೆಯ ಎಳೆಗೆ ನೇರವಾಗಿ ಕೂರಬೇಕು. ಕೆಲಸ ಮುಗಿದ ಮೇಲೆ ಬಲೆಗೆ ತುಸು ನೀರು ಚಿಮುಕಿಸಿ, ಎಳೆ ಮೆತ್ತಗಾದ ಮೇಲೆ ಚಿಮಟದಿಂದ ಒಂದೊಂದೇ ಜಗ್ಗಿ ತೆಗೆಯಿರಿ. ಹೊಲಿಯುವಾಗ ಬಲೆಯ ಎಳೆ ಚುಚ್ಚಿದ್ದರೆ ಅದು ಈಚೆ ಬರುವುದಿಲ್ಲ. ಜೋರು ಮಾಡಿದರೆ ಕಸೂತಿಯೇ ಕಿತ್ತು ಬರುತ್ತದೆ.

ಇಳಕಲ್ ಸೀರೆಯ ಒಡಲು ಹತ್ತಿಯದಾದರೆ ಸೆರಗಿನ ಹಾಸು ರೇಷ್ಮೆ. ಇವೆರಡನ್ನು ಕೊಂಡಿ ಹಾಕಿ ಜೋಡಿಸಿರುವ ಜಾಗವನ್ನು ದಾಟಿ ಚಿತ್ತಾರ ಹಾಕಬೇಡಿ, ಎರಡೂ ಕಡೆಯ ಎಳೆಯ ದಪ್ಪ ಬೇರೆ. ಸೆರಗಿನ ಬಳಿ ದೊಡ್ಡ ಚಿತ್ತಾರ, ತೇರು, ಗೋಪುರ, ಆನೆ ಅಂಬಾರಿ. ಒಡಲಿನ ಕಡೆ ಹೋದಂತೆ ಸಣ್ಣವು, ವಿರಳ. ಕರಿ ಚಂದ್ರಕಾಳಿ ಸೀರೆಯ ಮೇಲೆ ಎಣಿಸುವಾಗ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಎಳೆಗಳ ಸಂದು ಬೆಳಗಿ ಕಾಣುತ್ತದೆ. ಕೆಲಸಕ್ಕೆ ಬೆಳಗಿನ ಬೆಳಕೇ ಚೆಂದ. ಪಡಸಾಲೆಯಲ್ಲಿ, ಬಲಗೈಯವರು ಎಡಗಡೆಯಿಂದ ಬೆಳಕು ಬೀಳುವಂತೆ ಕೂರಬೇಕು. ಇನ್ನು ಗುಳೇದಗುಡ್ಡದ ಖಣದಲ್ಲಿ ನೇಯ್ಗೆಯ ಚಿತ್ತಾರ ಮೊದಲೇ ತುಂಬಿರುತ್ತದೆ, ಅದರ ಮೇಲೆ ಕಸೂತಿ ಹಾಕಿದರೆ ಎರಡೂ ಕಾಣುವುದಿಲ್ಲ. ಸೀರೆಗೆ ಕಸೂತಿ ಹಾಕಿ, ಖಣವನ್ನು ಕುಪ್ಪಸಕ್ಕೆ ಹಾಗೇ ಬಿಡಿ.

ಯಾರಾದರೂ ‘ನಮಗೂ ಹಾಕಿಕೊಡ್ರಿ’ ಅಂದಾಗ

ಕೈ ಕುದುರಿದ ಮೇಲೆ ಇದು ಬಂದೇ ಬರುತ್ತದೆ. ‘ದಾರದ ರೊಕ್ಕ ಕೊಡ್ರಿ ಸಾಕು’ ಅನ್ನಬೇಡಿ. ನಿಮಗದು ಪ್ರೀತಿಯ ಮಾತು. ಆದರೆ ಅದೇ ಓಣಿಯಲ್ಲಿ ಕಸೂತಿಯಿಂದಲೇ ಮನೆ ನಡೆಸುವ ಅಕ್ಕನ ಮುಂದೆ ಆ ಮಾತು ದರವಾಗಿ ಬಂದು ನಿಲ್ಲುತ್ತದೆ: ‘ಅವರು ಅಷ್ಟಕ್ಕೇ ಹಾಕಿಕೊಟ್ಟಾರಲ್ಲ!’ ಅವಳ ಕೂಲಿ ಇಳಿಯುವುದು ಹೀಗೆಯೇ.

ಲೆಕ್ಕ ಹಾಕುವುದು ಕಷ್ಟವೇನಲ್ಲ. ಗಡಿಯಾರ ನೋಡಿ ಒಂದು ಗೋಪುರ ಹಾಕಿ. ಅರ್ಧ ತಾಸು ಹಿಡಿಯಿತು ಅಂದುಕೊಳ್ಳಿ, ಇಪ್ಪತ್ತು ಗೋಪುರದ ಒಂದು ಸಾಲಿಗೆ 10 ತಾಸು. ಎಣಿಸಿ ಗುರುತು ಮಾಡುವುದು, ಬಲೆ ಟಾಕುವುದು, ತೆಗೆಯುವುದು, ತುದಿ ಮುಚ್ಚುವುದು ಎಲ್ಲ ಸೇರಿಸಿ ಇನ್ನೆರಡು ತಾಸು ಹಿಡಿಯಿರಿ. ಒಟ್ಟು 12 ತಾಸು, ದಿನಕ್ಕೆ 8 ತಾಸಿನಂತೆ ಒಂದೂವರೆ ದಿನದ ಕೂಲಿ. ನಿಮ್ಮ ಊರಲ್ಲಿ ನುರಿತ ಕೈಗೆ ದಿನಕ್ಕೆಷ್ಟು ಕೊಡುತ್ತಾರೋ ಅದರಿಂದ ಗುಣಿಸಿ, ದಾರದ ಬೆಲೆ ಬೇರೆ ಕೂಡಿಸಿ. ನಿಮ್ಮ ಕೈ ಇನ್ನೂ ನಿಧಾನ ಅನ್ನಿಸಿದರೆ ತಾಸು ಕಡಿಮೆ ಹಿಡಿಯಿರಿ, ದಿನದ ಕೂಲಿಯ ದರ ಮಾತ್ರ ಇಳಿಸಬೇಡಿ. ಬಟ್ಟೆ ಒಳಗಿಡುವ ಮೊದಲೇ ಚಿತ್ತಾರದ ಸಂಖ್ಯೆ, ಮುಗಿಸುವ ದಿನ, ಹಣ ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ.

ಅಷ್ಟು ಹೆಚ್ಚಾಯಿತು ಅಂದವರಿಗೆ ಸಣ್ಣ ಚಿತ್ತಾರ ತೋರಿಸಿ. ಇಡೀ ಸೀರೆಯ ಕೆಲಸವಾದರೆ, ಅದನ್ನು ದಿನವೂ ಮಾಡುವವರ ಮನೆಯ ದಾರಿ ಹೇಳಿ ಕಳಿಸಿ. ಮಕ್ಕಳ ಕುಲಾವಿಗೆ, ಗೆಳತಿಯ ಮಗಳ ಮದುವೆಯ ಉಡಿ ತುಂಬುವ ಕುಪ್ಪಸದ ತುಂಡಿಗೆ ಹಾಕಿಕೊಡುವುದಿದ್ದರೆ ಹಣದ ಮಾತೇ ಎತ್ತದೆ ಉಡುಗೊರೆಯಾಗಿ ಪೂರ್ತಿ ಬಿಟ್ಟಿ ಕೊಟ್ಟುಬಿಡಿ, ಅರ್ಧ ದರಕ್ಕೆ ಮಾತ್ರ ಕೊಡಬೇಡಿ.