ತಪ್ಪು ಅಚ್ಚಿನ ನಾಣ್ಯ: ಗುರುತಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ?

ಬದಿಯಡ್ಕದ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ವಿಚಿತ್ರವಾದ ಒಂದು ರೂಪಾಯಿ ಸಿಕ್ಕಿತು ಅಂದುಕೊಳ್ಳಿ. ಮೊದಲು ತಿಳಿಯಬೇಕಾದ್ದು, ತಪ್ಪು ಆದದ್ದು ಟಂಕಸಾಲೆಯ ಒಳಗೋ ಹೊರಗೋ ಎಂದು. ಕುಂಬಳೆಯಲ್ಲಿ ಮಕ್ಕಳು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವೂ ವಿಚಿತ್ರವೇ, ಆದರೆ ಅದಕ್ಕೆ ಬೆಲೆಯಿಲ್ಲ.

ಗುರುತಿನ ಬಂಗಾರದಂಗಡಿಯಲ್ಲಿ ತೂಕ ಮಾಡಿಸಿ. 1992ರಲ್ಲಿ ಬಂದ ಸ್ಟೀಲಿನ ಒಂದು ರೂಪಾಯಿ ನಾಣ್ಯದ ತೂಕ 4.85 ಗ್ರಾಂ, ಅಗಲ 25 ಮಿ.ಮೀ. ಆಮೇಲೆ ನಾಣ್ಯವನ್ನು ನೆಟ್ಟಗೆ ಹಿಡಿದು, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಚಿತ್ರವೂ ನೆಟ್ಟಗೇ ಇರಬೇಕು. ಸ್ವಲ್ಪ ವಾರೆಯಾಗಿದ್ದರೆ ಅದೇನೂ ಅಪರೂಪವಲ್ಲ. ಪೂರ್ತಿ ತಲೆಕೆಳಗಾಗಿದ್ದರೆ ತೆಗೆದಿಡಿ.

ಅಂಚಿನಲ್ಲಿ ಅರ್ಧಚಂದ್ರದಂತೆ ಒಂದು ತುಂಡು ಕಾಣೆಯಾಗಿದೆಯೇ? ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಪಕ್ಕದ ತೂತಿನ ಮೇಲೆ ಹೋದರೆ ಹೀಗಾಗುತ್ತದೆ. ಭೂತಗನ್ನಡಿ ಹಿಡಿದು ಸರಿ ಎದುರಿನ ಅಂಚು ನೋಡಿ. ಅಸಲಿಯಾದರೆ ಹೆಚ್ಚಾಗಿ ಅಲ್ಲಿನ ಏಣು ಮಾಸಿರುತ್ತದೆ. ಅರದಿಂದ ಉಜ್ಜಿ ಮಾಡಿದ್ದರೆ ಆ ಏಣು ಗಟ್ಟಿಯಾಗಿಯೇ ಇರುತ್ತದೆ, ಉಜ್ಜಿದ ಗೀರುಗಳೂ ಕಾಣುತ್ತವೆ.

ವ್ಯಾಪಾರಿಗಳು 'ಲಖಿ' ಎನ್ನುವುದು ಇನ್ನೂ ಸೊಗಸು. ಅಚ್ಚಾದ ನಾಣ್ಯ ಯಂತ್ರದಲ್ಲೇ ಅಂಟಿಕೊಂಡು, ಮುಂದಿನ ಬಿಲ್ಲೆ ಅದರ ಮೇಲೆ ಒತ್ತಿದಾಗ ಒಂದೇ ಚಿತ್ರ ಎರಡೂ ಬದಿ ಬರುತ್ತದೆ: ಒಂದು ಕಡೆ ಉಬ್ಬು, ಇನ್ನೊಂದು ಕಡೆ ಗುಂಡಿಬಿದ್ದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಎರಡು ನಾಣ್ಯ ಸೇರಿಸಿ ಬೈಸ್‌ನಲ್ಲಿ ಹಿಂಡಿದರೂ ಉಲ್ಟಾ ಗುರುತು ಬೀಳುತ್ತದೆ, ಆದರೆ ಅದರಡಿ ಮೊದಲಿನ ಚಿತ್ರ ಜಜ್ಜಿಹೋಗಿ ಉಳಿದಿರುತ್ತದೆ.

ಇಸವಿಯ ಕೆಳಗೆ ಟಂಕಸಾಲೆಯ ಗುರುತಿಲ್ಲ ಎಂದು ಹಿಗ್ಗಬೇಡಿ. ಅದು ಕೋಲ್ಕತ್ತದ ನಾಣ್ಯ, ಅಷ್ಟೇ. ವಜ್ರಾಕೃತಿ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು.

ಬೆಲೆ ನಿಲ್ಲುವುದು ತಪ್ಪು ಎಷ್ಟು ಎದ್ದು ಕಾಣುತ್ತದೆ ಎಂಬುದರ ಮೇಲೆ. ಚಿತ್ರ ಅರ್ಧ ಸರಿದಿದ್ದರೂ ಇಸವಿ ಓದಲು ಬಂದರೆ ಬೆಲೆ ಜಾಸ್ತಿ. ಹುಣಸೆಹುಳಿ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ, ಬೆಲೆ ಇಳಿಯುತ್ತದೆ. ಆನ್‌ಲೈನಿನಲ್ಲಿ ಮಾರುವವರು ಹೇಳುವ ದರ ಬರೀ ಆಸೆ. ನಾಣ್ಯ ಹರಾಜು ಸಂಸ್ಥೆಗಳ ಹಳೇ ಪಟ್ಟಿಯಲ್ಲಿ ಅಂಥದ್ದೇ ನಾಣ್ಯ ಎಷ್ಟಕ್ಕೆ ಹೋಯಿತು ನೋಡಿ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡ್ತೇವೆ ಅನ್ನುವ ವಿಡಿಯೊಗಳನ್ನು ಸುಮ್ನೆ ಬಿಡಿ. ಆ ನಾಣ್ಯದಲ್ಲಿ ಅಚ್ಚಿನ ತಪ್ಪೇ ಇಲ್ಲ. ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕಮಿಷನ್ ಕೇಳಿದರೆ ಮೋಸ. ಹಾಗೆಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ.